ಹನ್ನೊಂದು ಒಂದುಗಳು

ಗುಬ್ಬಿ, 14 ಅಕ್ಟೋಬರ್ 2025, ಮಂಗಳವಾರ

ನನ್ನ ಲೆಕ್ಕದ ನೋಟ್‌ಬುಕ್ಕಿನಲ್ಲಿ 21649ರ ಮುಂದೆ ಬರೀ ಟಿಕ್ ಇದೆ, ಶೇಷ ಬರೆದಿಲ್ಲ. ಏಳು ವರ್ಷದ ಹಿಂದೆ ನಾನೇ ಹಾಕಿದ ಟಿಕ್. ಅವತ್ತೇನು ಅವಸರವಿತ್ತೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇವತ್ತು ಬೆಳಿಗ್ಗೆ ಮೂರು ಸಲ ಭಾಗಿಸಿ ನೋಡಿದೆ. ಮೂರು ಸಲವೂ ಶೇಷ ಸೊನ್ನೆ.

ರಿಟೈರ್ ಆದಮೇಲೆ ನಮ್ಮ ಹೆಡ್‌ಮಾಸ್ಟರ್ ಅನಂತರಾಮಯ್ಯ ಸರ್ ಹಿಡಿಸಿದ ಹುಚ್ಚು ಇದು. ಒಂದನ್ನು ಹನ್ನೊಂದು ಸಲ ಬರೆದರೆ ಬರುವ ಸಂಖ್ಯೆ ಅವಿಭಾಜ್ಯವೋ ಅಲ್ಲವೋ, ಕೈಯಲ್ಲೇ ಭಾಗಿಸಿ ನೋಡಬೇಕು, ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ಒಂದು, ಏಳರಲ್ಲಿ ಕೊನೆಯಾಗುವ ಭಾಜಕಗಳು ಅವರಿಗೆ. ಮೂರು, ಒಂಬತ್ತರವು ನನಗೆ. ಹತ್ತು ವರ್ಷ ಇಬ್ಬರೂ ದಿನಾ ಭಾಗಿಸಿದೆವು. 21649ರಲ್ಲಿ ಭಾಗ ಹೋಗುತ್ತೆ ಅಂದಮೇಲೆ ಅದು ಅವಿಭಾಜ್ಯವಲ್ಲ; ಅಲ್ಲಿಂದ ಈಚೆಗೆ ಮಾಡಿದ್ದಷ್ಟೂ ದಂಡ, ಅವರದೂ ಸೇರಿ.

ಹೇಳಿಬಿಡೋಣ ಅಂತಲೇ ಮಧ್ಯಾಹ್ನ ಮರಳೂರಿಗೆ, ಸರ್ ಮನೆಗೆ ಹೋದೆ. ಸ್ಟ್ರೋಕ್ ಆದಮೇಲೆ ಸರ್ ಎಡಗೈಲಿ ಬರೀತಾರೆ. ನನ್ನ ನೋಡಿದ್ದೇ ನೋಟ್‌ಬುಕ್ ಎತ್ತಿ ತೋರಿಸಿದರು.

"ನಂದು ಮುಗೀತು ಕಣ್ರೀ ಅಂಬುಜಮ್ಮ. ಒಂದ್ರಲ್ಲೂ ಭಾಗ ಹೋಗ್ಲಿಲ್ಲ. ನಿಮ್ದೆಷ್ಟಿದೆ?"

"ಹನ್ನೆರಡಿದೆ ಸರ್."

ಬ್ಯಾಗಿನಿಂದ ನನ್ನ ನೋಟ್‌ಬುಕ್ ಅರ್ಧ ಹೊರಗೆ ತೆಗೆದೆ. ಅವರು ಬೇಡ ಅಂತ ಕೈ ಆಡಿಸಿದರು.

"ನಿಮ್ಮ ಲೆಕ್ಕ ನಾನ್ ನೋಡ್ಬೇಕಾ? ಬೇಗ ಮುಗಿಸ್ರೀ, ನಾನಿರೋದ್ರೊಳಗೆ."

ನೋಟ್‌ಬುಕ್ ವಾಪಸ್ ಇಟ್ಟುಕೊಂಡೆ. ಬಸ್ಸಿನಲ್ಲಿ ಗುಬ್ಬಿ ಬರೋವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದೆ.

ರಾತ್ರಿ ಕೂತು ಮುಂದಿನ ಭಾಜಕ ಹಿಡಿದೆ. ಭಾಗ ಹೋಗಲಿಲ್ಲ. ಹೋದರೇನು, ಬಿಟ್ಟರೇನು, ಇನ್ನು ಹನ್ನೊಂದಿದೆ. ಈ ಸಲ ಶೇಷವನ್ನು ಮರೆಯದೆ ಬರೆದೆ.