ಅಮ್ಮನಿಗೆ ಹೇಳದ ಅರ್ಥ

ಏಪ್ರಿಲ್ 9, ಬುಧವಾರ
ಶಿವನಿ ಸ್ಟೇಷನ್ನಿನಲ್ಲಿ ಇವತ್ತೂ ಟ್ರೈನ್ ಲೇಟು. ಬೆಂಚಿನ ಮೇಲೆ ಕೂತು ಮೊಬೈಲ್‌ನಲ್ಲಿ ಚೆಸ್. ಬರೀ ಸೋಲು. ಅಜ್ಜಂಪುರದ ಕಾಲೇಜಿಗೆ ಹೋದರೆ ಕೋಚ್ ಧನಪಾಲ್ ಸರ್ ಬೈಗುಳ ಬೇರೆ. "ಏನಮ್ಮಾ ಹೇಮಶ್ರೀ, ಆಡ್ತಿದೀಯೋ, ಪೂಜೆ ಮಾಡ್ತಿದೀಯೋ? ಬ್ಲಿಟ್ಜ್ ಇದು, ಐದೇ ನಿಮಿಷದ ಆಟ! ಉಸಿರಾಡೋಕೆ ಬಿಡ್ಬಾರ್ದು, ಮೇಲೆ ಬೀಳ್ತಾನೇ ಇರ್ಬೇಕು!"
ಇಪ್ಪತ್ತೇಳಕ್ಕೆ ಕಡೂರಿನಲ್ಲಿ ಜಿಲ್ಲಾ ಸೆಲೆಕ್ಷನ್. ಡಿಗ್ರಿ ಕೊನೆ ವರ್ಷ, ಇದೇ ಕೊನೆ ಚಾನ್ಸ್. ಬೇಕು. ಬೇಕೇ ಬೇಕು.

ಏಪ್ರಿಲ್ 10
ಲೈಬ್ರರಿಯಲ್ಲಿ ನಿಘಂಟು ತೆಗೆದದ್ದೇ ತಪ್ಪಾಯಿತು. ಬ್ಲಿಟ್ಜ್ — ಬಿಡದೆ ಎರಗುವ ದಾಳಿ. ಸರಿ. ಕೆಳಗೆ ಮೂಲ: ಜರ್ಮನ್ ಪದ. ಅರ್ಥ, ಸಿಡಿಲು...
ಮುಚ್ಚಿಟ್ಟೆ. ಅಪ್ಪನನ್ನು ತಿಂದದ್ದು ಅದೇ. ಹೋದ ವರ್ಷ ಇದೇ ತಿಂಗಳು, ಹೊಲದ ಹುಣಸೆಮರದ ಕೆಳಗೆ. ಅಂದಿನಿಂದ ಮನೆಯಲ್ಲಿ ಆ ಪದ ಯಾರೂ ಆಡುವುದಿಲ್ಲ. ಗುಡುಗಿದರೆ ಅಮ್ಮ ಅರ್ಜುನನ ಹೆಸರುಗಳನ್ನು ಹೇಳುತ್ತಿದ್ದಳು, ಅದನ್ನೂ ಬಿಟ್ಟಳು. "ಆವತ್ತೂ ಹೇಳಿದ್ದೆ. ಕಾಪಾಡಿದ್ನಾ?"
ಊಟಕ್ಕೆ ಕೂತಾಗ ಕೇಳಿದಳು, "ಬ್ಲಿಟ್ಜು ಅಂದ್ರೇನೇ?"
"ಬೇಗ ಬೇಗ ಆಡೋದಮ್ಮ." ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಏಪ್ರಿಲ್ 19
ಬರೆಯಲು ಮನಸ್ಸಿರಲಿಲ್ಲ. ಚೆಸ್ ಗಡಿಯಾರ ಒತ್ತಿದ ಕೂಡಲೇ ಆ ಪದವೇ ನೆನಪು, ಮುಂದಿನ ನಡೆ ಮರೆತುಹೋಗುತ್ತದೆ. ಒಂದು ಪದಕ್ಕೆ ಇಷ್ಟು ಹೆದರಿಕೆಯಾ? ನನ್ನ ಮೇಲೆ ನನಗೇ ಸಿಟ್ಟು.
ಅಮ್ಮ ಇದ್ದಕ್ಕಿದ್ದಂತೆ, "ಕಡೂರಿಗೆ ನಾನೂ ಬತ್ತೀನಿ ಕಣೇ."
"ಚೆಸ್ ನಿನಗೇನು ತಿಳಿಯುತ್ತೆ?"
"ಬತ್ತೀನಿ ಅಂದ್ನಲ್ಲ."

ಏಪ್ರಿಲ್ 27, ಸಂಜೆ, ಕಡೂರು ಸ್ಟೇಷನ್
ಮಧ್ಯಾಹ್ನ ಹಾಲ್‌ನಲ್ಲಿ ಕೊನೆಯ ಗೇಮ್. ಗೆದ್ದರೆ ಸೆಲೆಕ್ಷನ್. ಕುದುರೆಯ ಮೇಲೆ ಕೈಯಿಟ್ಟಿದ್ದೆ — ಗುಡುಗಿತು. ಕೈ ಅಲ್ಲೇ ನಿಂತುಬಿಟ್ಟಿತು. ಗಡಿಯಾರ ಓಡುತ್ತಿದೆ. ನಡೆಸಲಾರೆ...
ಕಿಟಕಿಯಾಚೆಯಿಂದ ಅಮ್ಮನ ದನಿ. "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ..." ವರ್ಷದ ಮೇಲೆ ಮೊದಲ ಸಲ. ಅಲ್ಲಿದ್ದವರು ಗದರಿದರು. ಅಮ್ಮ ಕ್ಯಾರೇ ಅನ್ನಲಿಲ್ಲ.
ಕುದುರೆ ಎತ್ತಿದೆ. ಆಮೇಲೆ ಬಿಡಲೇ ಇಲ್ಲ. ಮೇಲೆ ಬಿದ್ದೆ, ಬಿದ್ದೆ, ಬೀಳುತ್ತಲೇ ಇದ್ದೆ. ಗೆದ್ದೆ!
ಸ್ಟೇಷನ್ನಿಗೆ ಬಂದ ಮೇಲೆ ಬಾಯಿಬಿಟ್ಟೆ. "ಅಮ್ಮಾ, ಆ ಪದದ ಅರ್ಥ..."
"ಗೊತ್ತು ಕಣೇ. ನೀನು ಊಟ ಬಿಟ್ಟೆದ್ದ ದಿನಾನೇ ನಿಮ್ಮ ಮೇಷ್ಟ್ರಿಗೆ ಫೋನ್ ಮಾಡಿ ಕೇಳ್ದೆ. ಅದ್ರ ಎದುರಿಗೆ ನಿನ್ನೊಬ್ಳನ್ನೇ ಬಿಡ್ಲಾ?"
ಅತ್ತುಬಿಟ್ಟೆ, ಜನರ ಎದುರೇ.
ಟ್ರೈನ್ ಬಂದಿಲ್ಲ. ಮತ್ತೆ ಗುಡುಗುತ್ತಿದೆ. ಈಗ ಅಮ್ಮನ ಕೈ ಸೆರಗನ್ನು ಮುದುಡಿ ಹಿಡಿದಿದೆ, ತುಟಿ ಬಿಗಿದಿದೆ. ಪೆನ್ನಿಟ್ಟು ಆ ಕೈ ಹಿಡಿಯಬೇಕು. ಈ ಸಲ ನಾನು ಹೇಳುತ್ತೇನೆ. ಅರ್ಜುನ, ಫಲ್ಗುಣ,