ಡಾಕ್ಟರಿಗೆಂದು ತೆಗೆದ ಬೆನ್ನಿನ ಫೋಟೊ

ವೃದ್ಧಾಶ್ರಮದ ಮಾನ್ಯ ನಿರ್ದೇಶಕರೇ,

ಸತ್ತ ಮನುಷ್ಯನ ಬೆತ್ತಲೆ ಬೆನ್ನನ್ನು ನಿಮ್ಮ ಫೇಸ್‌ಬುಕ್ ಪುಟದಿಂದ ಇಳಿಸಿ. ಇಷ್ಟನ್ನೇ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ, ಒಂದಕ್ಕೂ ಉತ್ತರವಿಲ್ಲ. ಅದಕ್ಕೇ ಈ ಸಲ ನನ್ನ ಭಾಷೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಿಂದ ಬ್ಲಾಂಚರ್ಡ್ಸ್‌ಟೌನ್ ಆಸ್ಪತ್ರೆಯವರೆಗೆ ಕನ್ನಡ ಬಲ್ಲ ನರ್ಸುಗಳು ಬೇಕಾದಷ್ಟಿದ್ದಾರೆ. ನಿಮಗೆ ಓದಿ ಹೇಳಲು ಯಾರಾದರೂ ಸಿಕ್ಕಾರು.

ಹಿರಾನೊ ಅವರು ನಿಮ್ಮ ಪಾಲಿಗೆ ಹನ್ನೊಂದನೇ ಕೋಣೆಯ ಜಪಾನಿ ಮುದುಕ. ಎಂಬತ್ತನಾಲ್ಕು ವರ್ಷ. ಹಡಗಿನಲ್ಲಿ ದುಡಿದು, ಐರಿಶ್ ಹೆಣ್ಣನ್ನು ಮದುವೆಯಾಗಿ ಡಬ್ಲಿನ್ನಿನಲ್ಲೇ ಉಳಿದವರು; ಹೆಂಡತಿ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಅಂಗಿ. ಸ್ನಾನ ಮಾಡಿಸಲು ನನ್ನೊಬ್ಬಳನ್ನೇ ಬಿಡುತ್ತಿದ್ದರು. ಮೊದಲ ದಿನ ನಾನೂ ಬೆಚ್ಚಿದೆ: ಬೆನ್ನು ತುಂಬ ಹಚ್ಚೆ. ಅಲೆಗಳು, ಉದುರುವ ಚೆರ್ರಿ ಹೂಗಳು, ನಡುವೆ ಒಂದು ತಲೆಬುರುಡೆ.

“ಹೆದರಿದಿರಾ?” ಅಂದರು.

“ಇಲ್ಲ. ನಮ್ಮಜ್ಜಿ ಕೈತುಂಬ ಹಚ್ಚೆ ಇತ್ತು. ಸತ್ತಾಗ ಒಡವೆ ಎಲ್ಲ ಬಿಚ್ಕೋತಾರೆ, ಇದೊಂದು ನನ್ ಜೊತೆ ಬರತ್ತೆ ಅನ್ನೋರು.”

ಆಗ ಅವರು ಬಾಯಿ ಬಿಟ್ಟರು. ತಮ್ಮ ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಡಗಿನ ಗೆಳೆಯ ಸಮುದ್ರಪಾಲಾದನಂತೆ, ಹೆಣವೂ ಸಿಗಲಿಲ್ಲವಂತೆ. ಅವನ ನೆನಪಿಗೆ ಯೊಕೊಹಾಮಾದಲ್ಲಿ ಹಾಕಿಸಿಕೊಂಡದ್ದು. “ಬುರುಡೆ ಹೆದರಿಸೋಕಲ್ಲ. ಹೂವಿನ ಹಾಗೆ ಎಲ್ಲರೂ ಉದುರ್ತೀವಿ ಅಂತ.” ಅವರ ಊರಿನವರು ಮಾತ್ರ ಹಚ್ಚೆ ಕಂಡರೆ ರೌಡಿ ಎಂದುಕೊಂಡರು. ಸಾರ್ವಜನಿಕ ಸ್ನಾನಗೃಹದ ಬಾಗಿಲಲ್ಲೇ ತಡೆದರು. ತಾಯಿಯ ಅಂತ್ಯಕ್ರಿಯೆಗೆ ಬರಬೇಡವೆಂದು ಒಡಹುಟ್ಟಿದ ಅಣ್ಣ ಕಾಗದ ಬರೆದ.

ಸಾವು ಅವರಿಗೆ ತಮಾಷೆಯಾಗಿರಲಿಲ್ಲ. ಒಮ್ಮೆ ಅವಸರದಲ್ಲಿ ಅವರು ರಾತ್ರಿ ತೊಡುವ ಕಿಮೊನೊದ ಬಲಭಾಗವನ್ನು ಎಡದ ಮೇಲೆ ತಂದು ಕಟ್ಟಿಬಿಟ್ಟೆ. ಮುಖ ಬಿಳಿಚಿಕೊಂಡಿತು. “ಇದು ಹೆಣಕ್ಕೆ ಉಡಿಸೋ ರೀತಿ. ನನಗಿನ್ನೂ ಟೈಮ್ ಇದೆ, ಕಾತ್ಯಾಯಿನಿ,” ಎಂದು ತಾವೇ ಬಿಚ್ಚಿ ಸರಿಮಾಡಿಕೊಂಡರು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಬೆನ್ನಿಗೆ ಹಾಸಿಗೆ ಹುಣ್ಣಾಯಿತು. ಕೊರೊನಾ ಕಾಲ, ಡಾಕ್ಟರು ಒಳಗೆ ಬರುವಂತಿಲ್ಲ, ಫೋಟೊ ಕೇಳಿದರು. ತೆಗೆದವಳು ನಾನೇ. “ಡಾಕ್ಟರಿಗೆ ಮಾತ್ರ ತಾನೆ?” ಎಂದು ಹಿರಾನೊ ಎರಡು ಸಲ ಕೇಳಿದರು. ಹೌದು ಎಂದು ಮಾತು ಕೊಟ್ಟು, ನಿಮ್ಮ ಆಫೀಸಿನ ಇಮೇಲ್ ಮೂಲಕ ಕಳಿಸಿದೆ. ಮೂರನೇ ದಿನ ಅದೇ ಫೋಟೊ ನಿಮ್ಮ ‘ಲಾಕ್‌ಡೌನ್ ನಗು’ ಸರಣಿಯಲ್ಲಿ ಬಂತು, ಹುಣ್ಣಿನ ಭಾಗವನ್ನು ಕತ್ತರಿಸಿ, ಬುರುಡೆಯನ್ನು ದೊಡ್ಡದು ಮಾಡಿ. ಮೇಲೊಂದು ಸಾಲು: ‘ನಮ್ಮ ಮಾಫಿಯಾ ತಾತ! ಇವರನ್ನು ಕಂಡರೆ ಕೊರೊನಾ ಓಡುತ್ತೆ!’

ಕೊರೊನಾ ಓಡಲಿಲ್ಲ, ಮಾನ್ಯರೇ.

ಖುಷಿಪಡಲಿ ಎಂದು ಯಾರೋ ಅವರಿಗೇ ಫೋನ್ ತೋರಿಸಿದರು. ಮರುದಿನ ನಾನು ಬಿಸಿನೀರು ತಂದಾಗ, “ನೀವು ಬೇಡ” ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿದರು. ವಾರದಲ್ಲಿ ಜ್ವರ ಬಂತು. ಅಂಗಿಯ ಕೊರಳಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದರು. ಆ ಬೆರಳುಗಳನ್ನು ಬಿಡಿಸಿದವಳೂ ನಾನೇ.

ನಿಮ್ಮ ಕೋಣೆಗೆ ಬಂದು ಕೇಳಿದಾಗ ಏನಂದಿರಿ? “ಜನ ಎಷ್ಟು ಲೈಕ್ ಮಾಡಿದ್ದಾರೆ ನೋಡಿ. ನನಗೂ ಟ್ಯಾಟೂ ಇದೆ. ಇಟ್ಸ್ ಗ್ರ್ಯಾಂಡ್, ಅದರಲ್ಲೇನಿದೆ!” ನಿಮ್ಮ ಟ್ಯಾಟೂ ತೋರಿಸಲು ಅಂಗಿಯ ತೋಳು ಮಡಿಸಿದವರು ನೀವೇ ಅಲ್ಲವೇ? ಅವರ ಅಂಗಿ ಬಿಚ್ಚಲು ನಿಮಗೆ ಹೇಳಿದವರು ಯಾರು? ಇದಕ್ಕೆ ‘ವೈವಿಧ್ಯದ ಸಂಭ್ರಮ’ ಎಂಬ ಹೆಸರು ಬೇರೆ! ಸ್ನಾನಗೃಹದವರು ಅವರನ್ನು ಹೊರಗಿಟ್ಟರು, ನಿಜ. ನೀವು ಒಳಗೆ ಕರೆದುಕೊಂಡು ಊರಿಗೆಲ್ಲ ತೋರಿಸಿದಿರಿ. ಯಾವುದು ಹೆಚ್ಚು ಸುಸಂಸ್ಕೃತ, ನೀವೇ ಹೇಳಿ.

ಹೋದ ತಿಂಗಳು ಅವರ ಅಣ್ಣನ ಮಗಳು ಜಪಾನಿನಿಂದ ಆಶ್ರಮಕ್ಕೆ ಬರೆದಳು. ಫೋಟೊ ಅವಳ ಕಣ್ಣಿಗೆ ಬಿದ್ದಿದೆ. ಕೇಳಿದ್ದು ಒಂದೇ: “ಚಿಕ್ಕಪ್ಪನನ್ನು ನೋಡಿ ಅಲ್ಲಿಯೂ ನಕ್ಕರಾ?”

ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡು ನಾನು ಅವಳಿಗೆ ಬರೆದಿದ್ದೇನೆ. ನಿಮ್ಮದನ್ನು ನೀವು, ನಿಮ್ಮ ಸಹಿ ಹಾಕಿ ಬರೆಯಿರಿ. ಫೋಟೊ ಇಂದೇ ಇಳಿಸಿ. ರೋಗಿಗಳ ಫೋಟೊಗಳನ್ನು ಇನ್ನು ಮುಂದೆ ನಿಮ್ಮ ಆಫೀಸು ಮುಟ್ಟಕೂಡದು. ನನ್ನ ವರ್ಕ್ ಪರ್ಮಿಟ್ ನವೀಕರಣದ ಅರ್ಜಿ ನಿಮ್ಮ ಮೇಜಿನ ಮೇಲಿದೆ ಎಂಬುದು ನನಗೂ ಗೊತ್ತು. ಅದಕ್ಕೆ ಸಹಿ ಹಾಕದಿದ್ದರೂ ಸರಿ, ಕ್ಷಮಾಪಣೆಗೆ ಹಾಕಿ.

ಇಂತಿ,
ಒಬ್ಬ ಮುದುಕನ ಬೆನ್ನು ಕಾಯಲಾಗದೆ ಹೋದ ನರ್ಸ್,
ಕಾತ್ಯಾಯಿನಿ