ನೆಗಿದಾಲ್ ಸಂಘಕ್ಕೆ ಐದು ನಿಮಿಷ

ಕೌನ್ಸಿಲ್ಲಿನ ಮಾನ್ಯ ಸಂಸ್ಕೃತಿ ಅಧಿಕಾರಿಗಳೇ,

ಮಾತೃಭಾಷಾ ದಿನದ ವೇದಿಕೆಯಲ್ಲಿ ನೆಗಿದಾಲ್ ಭಾಷೆಗೆ ಜಾಗವಿಲ್ಲ ಎಂದಿದ್ದೀರಿ. ಕಾರಣ, ಅದಕ್ಕೊಂದು ಸಂಘವಿಲ್ಲ! ರಷ್ಯಾದ ಪೂರ್ವದ ಅಂಚಿನಲ್ಲಿ, ಅಮೂರ್ ನದಿಯ ಕಡೆಯ ಈ ತುಂಗುಸಿಕ್ ಕುಟುಂಬದ ಭಾಷೆ ಬಲ್ಲವರನ್ನೆಲ್ಲ ನಮ್ಮ ಬಡಾವಣೆ ಕೆಂಟನ್ನಿನ ಒಂದೆರಡು ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕೂರಿಸಬಹುದು. ಲಂಡನ್ನಿನಲ್ಲಿ ನನಗೆ ಗೊತ್ತಿರುವುದು ಒಬ್ಬರೇ: ಮಗಳ ಜೊತೆ ನಮ್ಮ ಪಕ್ಕದ ಮನೆಯಲ್ಲಿರುವ ಆಂತೊನೀನಾ ಅಜ್ಜಿ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಲ್ಲವೂ ತಾವೇ ಆಗಿ, ತಮ್ಮ ಮೇಲೆ ತಾವೇ ಅವಿಶ್ವಾಸ ಗೊತ್ತುವಳಿ ಮಂಡಿಸಬೇಕಿತ್ತೇ? ಮೂಗಿಗಿಂತ ಮೂಗುತಿ ಭಾರ.

ಇರಲಿ, ಸಂಘ ಕಟ್ಟುವುದರಲ್ಲಿ ಕನ್ನಡಿಗರನ್ನು ಮೀರಿಸುವವರಿಲ್ಲ. ಮೂವರು ಸೇರಿದರೆ ಒಂದು ಸಂಘ, ನಾಲ್ಕನೆಯವನು ಬಂದರೆ ಎರಡು. ಧಾರವಾಡದಿಂದ ಬಂದ ನನ್ನ ಅವ್ವ ಚನ್ನಬಸವ್ವ ಬೇಲಿಯ ಈಚೆ ನಿಂತು ಕನ್ನಡದಲ್ಲಿ, ಅಜ್ಜಿ ಆಚೆ ನಿಂತು ನೆಗಿದಾಲಿನಲ್ಲಿ ದಿನವೂ ಹರಟುತ್ತಾರೆ. ಇಬ್ಬರಿಗೂ ಇಂಗ್ಲಿಷ್ ಬಾರದು, ಹಾಗಾಗಿ ಏನೂ ತೊಂದರೆಯಿಲ್ಲ. ಅವ್ವನೇ ಅಂದಳು: "ಏ ಅಡಿವೆಪ್ಪಾ, ಆಕಿ ಒಬ್ಬಾಕಿ ಅದಾಳಂತ ಬಿಟ್ಟ ಬಿಡೂದೇನು? ನಾವ ಸಂಘಾ ಮಾಡೂಣು. ನನ್ನ ಖಜಾಂಚಿ ಮಾಡು."

ಮಾಡಿದೆವು. ಅದಕ್ಕೆ ನಿಮ್ಮ ಉತ್ತರ: ಸಂಘಕ್ಕೆ ವರ್ಷ ತುಂಬಿರಬೇಕು. ಸ್ವಾಮಿ, ಸಾಯುವ ಹಂತದಲ್ಲಿರುವವರಿಗೆ ನಮ್ಮ ಜಿಪಿ ಡಾಕ್ಟರು ಕೂಡ ಇಷ್ಟು ದೂರದ ತಾರೀಖು ಕೊಡುವುದಿಲ್ಲ.

ಇಷ್ಟಕ್ಕೂ ವೇದಿಕೆ ಏಕೆ ಬೇಕು ಎಂದು ನೀವು ಕೇಳಲೇ ಇಲ್ಲ. ಅಜ್ಜಿಯ ಮೊಮ್ಮಗಳು ಲೂಸಿಗೆ ಏಳು ವರ್ಷ. ಅಜ್ಜಿ ಜೋಗುಳ ಹಾಡಿದರೆ ಅದು ಭಾಷೆಯೇ ಅಲ್ಲವಂತೆ, ಅಜ್ಜಿ ಸುಮ್ಮನೆ ಮಾಡುವ ಸದ್ದಂತೆ. ಅವಳ ಶಾಲೆಯ ಗೋಡೆಯ ತುಂಬ ಬಗೆಬಗೆಯ ಭಾಷೆಗಳಲ್ಲಿ 'ಸ್ವಾಗತ' ಬರೆದಿದ್ದಾರೆ, ನೆಗಿದಾಲಿನಲ್ಲಿ ಬರೆದಿಲ್ಲ. ಮಗುವಿನ ತರ್ಕವೂ ನಿಮ್ಮದೇ. ಅಂದಿನಿಂದ ಅಜ್ಜಿ ಹಾಡುವುದನ್ನೇ ನಿಲ್ಲಿಸಿದ್ದಾರೆ ಎಂದು ಅವರ ಮಗಳು ಹೇಳಿದರು. ನಾವು ಎಷ್ಟು ಹೇಳಿದರೂ ಲೂಸಿ ನಂಬಳು. ಕೌನ್ಸಿಲ್ಲಿನ ಮೈಕಿನಲ್ಲಿ ಕೇಳಿದರೆ ನಂಬಿಯಾಳು.

ಆದ್ದರಿಂದ ನನ್ನ ಒತ್ತಾಯವಿಷ್ಟೇ. ಅಂದು ಕನ್ನಡಕ್ಕೆ ಕೊಟ್ಟಿರುವ ಐದು ನಿಮಿಷವನ್ನು ಅಜ್ಜಿಗೆ ಕೊಡಿ. ನಮ್ಮ ಕನ್ನಡ ಸಂಘ ಹಳೆಯದು, ಒಪ್ಪಿಗೆಯನ್ನೂ ಕೊಟ್ಟಿದೆ. ನಿಮ್ಮ ನಿಯಮಕ್ಕೆ ಭಂಗವಿಲ್ಲ. ನಾವು ಕೋಟಿಗಟ್ಟಲೆ ಇದ್ದೇವೆ, ಒಂದು ವರ್ಷ ಸುಮ್ಮನಿದ್ದರೆ ಸಾಯುವುದಿಲ್ಲ. ಹಾಗೆಂದೇ ನಾನೂ ತಿಳಿದಿದ್ದೆ. ಮೊನ್ನೆ ಅವ್ವ "ಉಂಡೇನಪಾ?" ಎಂದರೆ ನನ್ನ ಮಗ ರೋಹನ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅವ್ವ ಬೇಲಿಯ ಕಡೆ ನಡೆದಳು.

ಮೊದಲ ಸಾಲಿನಲ್ಲಿ ಎರಡು ಕುರ್ಚಿ ಕಾದಿರಿಸಿ. ಒಂದು ಲೂಸಿಗೆ, ಇನ್ನೊಂದು ರೋಹನನಿಗೆ.

ಇಂತಿ,
ಒಂದು ಪದವೂ ಬಾರದ ಭಾಷೆಯ ಸಂಘದ ಕಾರ್ಯದರ್ಶಿ,
ಅಡಿವೆಪ್ಪ
ಕೆಂಟನ್, ಜನವರಿ ೨೦೦೩